ಕೈಗುಣ, ಅದೃಷ್ಟ ಮತ್ತು ಐದು ಚೀಟಿ



ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುವ ರೂಢಿ ನಮ್ಮ ಅನೇಕ ಹಳ್ಳಿಗಳಲ್ಲಿ ಉಂಟು. ಅಳೆಯುವವನು ನಡುವೆ ಮಾತನಾಡಕೂಡದು, ಕಣದೊಳಗೆ ಯಾರೂ ಚಪ್ಪಲಿ ಮೆಟ್ಟಿ ಬರಕೂಡದು. ಹೀಗೆ 'ಲಾಭ' ಎಂದು ತೊಡಗಿದವನು ಮುಂದಿನ ಕೊಳಗಕ್ಕೆ 'ಎರಡು' ಎನ್ನುತ್ತಾನೆಯೇ ಹೊರತು ಮತ್ತೆ 'ಒಂದು' ಎನ್ನುವುದಿಲ್ಲ. ಹೆಸರು ಬದಲಾಯಿತು, ಲೆಕ್ಕ ತಪ್ಪಲಿಲ್ಲ. ಈ ರೂಢಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರಿರುವುದು ಲೆಕ್ಕವನ್ನೇ ಇಡದೆ, ಬಂದರೆ ಅದೃಷ್ಟ, ಹೋದರೆ ದುರದೃಷ್ಟ ಎಂದು ಕೈ ತೊಳೆದುಕೊಳ್ಳುವ ಅಭ್ಯಾಸದ ಬಗ್ಗೆ. ಅದರಲ್ಲಿ ರೈತರ ಪಾಲು ಎಷ್ಟೋ, ನಮ್ಮಂಥ ವಿಸ್ತರಣಾ ಕಾರ್ಯಕರ್ತರ ಪಾಲೂ ಅಷ್ಟೇ ಇದೆ ಎಂಬುದನ್ನು ಈ ಲೇಖನದಲ್ಲಿ ಒಪ್ಪಿಕೊಳ್ಳಬೇಕೆಂದಿದ್ದೇನೆ.

ಬೇಸಾಯದಲ್ಲಿ ಅದೃಷ್ಟವೆಂಬುದೇ ಇಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವಂತಹ ಮಳೆಯನ್ನು ತಾವೆಲ್ಲ ಕಂಡವರು. ಒಂದೇ ದಿನ ಬಿತ್ತಿದ ಅಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದಕ್ಕೆ ಹದವಾದ ಮಳೆ, ಇನ್ನೊಂದಕ್ಕೆ ಬರೀ ಗುಡುಗು. ಟೊಮ್ಯಾಟೊ ಬುಟ್ಟಿ ಹೊತ್ತು ಸಂತೆಗೆ ಹೋದ ದಿನದ ಧಾರಣೆ ಮಾರನೆಯ ದಿನ ಇರುವುದಿಲ್ಲ. ಇವೆಲ್ಲ ನಮ್ಮ ಕೈಯಲ್ಲಿಲ್ಲ. ಇಷ್ಟು ಅದೃಷ್ಟ ಸೇರಿಕೊಂಡಿರುವ ಕಸುಬಿನಲ್ಲಿ, ಯಾವುದು ಅದೃಷ್ಟದ್ದು, ಯಾವುದು ಬೀಜದ್ದು, ಯಾವುದು ಗೊಬ್ಬರದ್ದು, ಯಾವುದು ಮನುಷ್ಯನ ಕೈಯದ್ದು ಎಂದು ಬೇರ್ಪಡಿಸಿ ನೋಡುವುದು ಹೇಗೆ ಎಂಬುದೇ ಪ್ರಶ್ನೆ.

ಕೈಗುಣದ ವಿಷಯವನ್ನೇ ತೆಗೆದುಕೊಳ್ಳಿ. ರಾಗಿ ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಬೀಜ ಬಿಡಲು ವರ್ಷ ವರ್ಷವೂ ಒಬ್ಬನನ್ನೇ ಕರೆಯುವ ಮನೆಗಳುಂಟು. ಅವನ ಕೈಗುಣ ಚೆನ್ನ ಎನ್ನುತ್ತಾರೆ. ಹೊಸದಾಗಿ ಓದಿ ಬಂದ ನಮ್ಮ ಕೆಲವು ತರುಣರು ಇದನ್ನು ಮೂಢನಂಬಿಕೆ ಎಂದು ನಕ್ಕದ್ದನ್ನು ನಾನು ಕೇಳಿದ್ದೇನೆ. ಬಟ್ಟಲಿನ ಮೇಲೆ ಅವನ ಬೆರಳು ಆಡುವುದನ್ನು ಅವರು ಒಮ್ಮೆ ನಿಂತು ನೋಡಬೇಕು. ಎತ್ತು ವೇಗವಾಗಿ ನಡೆದರೆ ಬೆರಳೂ ಚುರುಕಾಗುತ್ತದೆ, ಎತ್ತು ನಿಧಾನಿಸಿದರೆ ಬೆರಳೂ ನಿಧಾನಿಸುತ್ತದೆ, ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಮುಷ್ಟಿ ಮುಚ್ಚಿರುತ್ತದೆ. ಎಲ್ಲ ತಾಳಿಗೂ ಸಮನಾಗಿ ಬೀಜ ಇಳಿಯುತ್ತದೆ. ಪೈರು ಒತ್ತಾಗಿಯೂ ಇಲ್ಲ, ಜೊಳ್ಳು ಜೊಳ್ಳಾಗಿಯೂ ಇಲ್ಲ. ಇದು ಅಪ್ಪಟ ಕೆಲಸಗಾರಿಕೆ. 'ಗುಣ' ಎಂಬ ಮಾತಿನಲ್ಲಿ ಹಳ್ಳಿಯ ಜನ ಅದನ್ನು ಗುರುತಿಸಿದ್ದಾರೆ. ಮಳೆ ನಕ್ಷತ್ರಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಸೂರ್ಯನ ಚಲನೆಯಂತೆ ಸುಮಾರು 13-14 ದಿನಕ್ಕೊಂದು ಬರುವ ಅವು ರೈತನ ಪಂಚಾಂಗ. ಮೃಗಶಿರ ಹುಟ್ಟುವುದು ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ, ಮುಂಗಾರು ನಮ್ಮ ನಾಡಿಗೆ ಕಾಲಿಡುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ನಕ್ಷತ್ರ ಮಳೆಯನ್ನು ತರುವುದಿಲ್ಲ, ಬಿತ್ತನೆಯ ಕಾಲವನ್ನು ನೆನಪಿಗೆ ತರುತ್ತದೆ.

ಆದ್ದರಿಂದ ನಂಬಿಕೆಯೆಲ್ಲ ಸುಳ್ಳು ಎಂದು ಹೊರಡುವುದು ಜಾಣತನವಲ್ಲ. ಒರೆಗೆ ಹಚ್ಚಬೇಕು, ಅಷ್ಟೇ.

ಒರೆಗೆ ಹಚ್ಚಿದಾಗ ನಿಲ್ಲದ ನಂಬಿಕೆಯೂ ಉಂಟು. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೇ ಕವಲೊಡೆದ ಬೇವಿನ ಕಡ್ಡಿ ಹಿಡಿದು, ಅಂತರ್ಜಲ ತೋರಿಸುವವರನ್ನು ತಾವು ಬಲ್ಲಿರಿ. ಕಾಯಿ ಎದ್ದು ನಿಂತಲ್ಲಿ ಕೊಳವೆಬಾವಿ. ಕಾಯಿ ಹಿಡಿದವನು ಮೋಸಗಾರ ಎಂದು ನಾನು ಹೇಳಲಾರೆ. ಮನಸ್ಸು ಎಣಿಸಿದತ್ತ ಕೈಯ ಸ್ನಾಯು ತನಗರಿಯದೆಯೇ ಅಲುಗುವುದುಂಟು, ಹಿಡಿದವನಿಗೂ ಅದು ನೀರಿನ ಸೆಳೆತವೆಂದೇ ಅನಿಸುತ್ತದೆ. 1987 ಮತ್ತು 1988ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಇದರ ದೊಡ್ಡ ಪರೀಕ್ಷೆಯೊಂದು ನಡೆಯಿತು. ಸುಮಾರು 500 ಮಂದಿಯಲ್ಲಿ ಸಮರ್ಥರೆನಿಸಿದ 43 ಮಂದಿಯನ್ನು ಆರಿಸಿ, ಒಂದು ಉಗ್ರಾಣದ ಕೆಳಗಿನ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಮನಬಂದ ಜಾಗಕ್ಕೆ ಸರಿಸುತ್ತ, ಮೇಲಿನ ಅಂತಸ್ತಿನಲ್ಲಿ ನಿಂತು ಅದು ಎಲ್ಲಿದೆ ಹೇಳಿ ಎಂದರು. ಇಂತಹ 843 ಪರೀಕ್ಷೆಗಳಾದವು. ನಡೆಸಿದವರು ಕೆಲವರಲ್ಲಿ ನಿಜವಾದ ಶಕ್ತಿ ಇದೆಯೆಂದು ಬರೆದರು. ಆದರೆ ಅದೇ ಅಂಕಿಗಳನ್ನು ಮುಂದೆ ಮತ್ತೊಬ್ಬ ವಿಜ್ಞಾನಿ ಬಿಡಿಸಿ ನೋಡಿದಾಗ, ಒಮ್ಮೆ ಸರಿಯಾಗಿ ಹೇಳಿದವರು ಮತ್ತೊಮ್ಮೆ ಹಾಗೆಯೇ ಹೇಳಲಾರದೆ ಹೋದದ್ದು ಕಂಡುಬಂತು. ಒಟ್ಟು ಫಲಿತಾಂಶ ಕಣ್ಣು ಮುಚ್ಚಿ ಬೊಟ್ಟು ಮಾಡಿದ್ದಕ್ಕಿಂತ ಮೇಲೇನೂ ಇರಲಿಲ್ಲ.

ಹಾಗಾದರೆ ಊರಿನಲ್ಲಿ ಅವರ ಹೆಸರು ಉಳಿಯುವುದು ಹೇಗೆ? ಒಂದು ಸೀಮೆಯಲ್ಲಿ ಎಲ್ಲಿ ಕೊರೆದರೂ ಎರಡರಲ್ಲಿ ಒಂದು ಬಾವಿಗೆ ನೀರು ಬೀಳುತ್ತದೆ ಎಂದಿಟ್ಟುಕೊಳ್ಳೋಣ. 32 ಮಂದಿ ಕಾಯಿ ಹಿಡಿದು ಹೊರಟರೆ ಮೊದಲ ಬಾವಿಯಲ್ಲಿ 16 ಮಂದಿ ಗೆಲ್ಲುತ್ತಾರೆ. ಎರಡನೆಯದರಲ್ಲಿ 8, ಮೂರನೆಯದರಲ್ಲಿ 4, ನಾಲ್ಕನೆಯದರಲ್ಲಿ 2. ಐದನೆಯದಕ್ಕೆ ಒಬ್ಬ ಉಳಿಯುತ್ತಾನೆ. ಒಂದೂ ತಪ್ಪದೆ ಐದು ಬಾವಿ ತೋರಿಸಿದ ಆ ಒಬ್ಬನ ಹೆಸರು ಹತ್ತು ಊರಿಗೆ ಹಬ್ಬುತ್ತದೆ. ಉಳಿದ 31 ಮಂದಿಯ ಸುದ್ದಿ ಯಾರೂ ಎತ್ತುವುದಿಲ್ಲ. ನೀರು ಬೀಳದವನಂತೂ ಸಾಲದ ಭಾರದಲ್ಲಿ ಬಾಯಿ ಬಿಡುವುದೇ ಇಲ್ಲ. ಕೇಳಿದರೆ, "ನನ್ನ ಹಣೆಬರಹ, ಅವರು ತೋರಿಸಿದ್ದು ಸರಿಯೇ" ಎನ್ನುತ್ತಾನೆ. ಗೆದ್ದರೆ ಕಾಯಿಯ ಮಹಿಮೆ, ಸೋತರೆ ರೈತನ ಹಣೆಬರಹ. ಈ ಲೆಕ್ಕ ಎಂದಾದರೂ ತಾಳೆ ಬಂದೀತೇ?

ನಗುವುದಕ್ಕೆ ಮುಂಚೆ ನನ್ನ ಸ್ವಂತ ಕತೆಯನ್ನೂ ಕೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಿಯಲ್ಲಿ ಹೊಸ ರಾಗಿ ತಳಿಯ ಪ್ರಾತ್ಯಕ್ಷಿಕೆ ನಡೆಸಬೇಕಾಗಿತ್ತು. ರೈತರೊಬ್ಬರು ತಮ್ಮ ಹೊಲದಲ್ಲಿ ಎಲ್ಲಿ ಬೇಕಾದರೂ ಹಾಕಿ ಎಂದರು. ನಾನು ಹೊಲವೆಲ್ಲ ಸುತ್ತಾಡಿ, ಕೆಳಗಿನ ಬದುವಿನ ಪಕ್ಕದ ಒಂದು ತಾಕನ್ನು ಹೊಸ ತಳಿಗೆ ಆರಿಸಿದೆ. ಹಿಂದಿನ ಬೇಸಗೆಯಲ್ಲಿ ಅಲ್ಲಿ ಕುರಿ ಮಂದೆ ನಿಲ್ಲಿಸಿದ್ದರು. ಮೇಲಿನ ಕೆಂಪು ಮಸುಬಿನಲ್ಲಿ ಅವರ ಹಳೆಯ ತಳಿ. ಮೋಸ ಮಾಡಬೇಕೆಂಬ ಎಣಿಕೆ ನನಗಿರಲಿಲ್ಲ, ಹೊಸ ತಳಿ ಚೆನ್ನಾಗಿ ಕಾಣಲಿ ಎಂಬ ಆಸೆ ಮಾತ್ರ ಇತ್ತು. ಆ ಎರಡಕ್ಕೂ ಇರುವ ಅಂತರ ಎಷ್ಟು ಕಡಿಮೆ ಎಂದು ಆಗ ತಿಳಿಯಲಿಲ್ಲ.

ಪೈರು ಎದೆಯುದ್ದ ಬಂತು. ಕ್ಷೇತ್ರೋತ್ಸವಕ್ಕೆ ಜನ ತುಂಬಿದರು, ಫೋಟೋ ತೆಗೆದರು. ಒಬ್ಬ ಅಜ್ಜಿ ತೆನೆ ಮುಟ್ಟಿ ನೋಡಿ, "ಇಲ್ಲಿ ಮಂದೆ ನಿಂತಿತ್ತಲ್ಲವೇ ಸ್ವಾಮಿ?" ಎಂದರು. "ಮಂದೆಯದೂ ಸ್ವಲ್ಪ ಇದೆ ತಾಯಿ, ತಳಿಯದೇ ಹೆಚ್ಚು" ಎಂದೆ. ಎಷ್ಟು ಸ್ವಲ್ಪ, ಎಷ್ಟು ಹೆಚ್ಚು ಎಂಬುದು ನನಗೇ ಗೊತ್ತಿರಲಿಲ್ಲ. ಮರುವರ್ಷ ಆ ಊರಿನ ಹತ್ತಾರು ಮಂದಿ ಮಸುಬಿನಲ್ಲಿ ಹೊಸ ತಳಿ ಬಿತ್ತಿದರು. ಹಳೆಯದಕ್ಕಿಂತ ಹೆಚ್ಚೇನೂ ಬರಲಿಲ್ಲ, ಕೆಲವರಿಗೆ ಕಡಿಮೆಯೇ ಬಂತು. ನಾನು ತಲೆ ತಗ್ಗಿಸಿಕೊಂಡು ಹೋದೆ. ಬೈಯಬಹುದಾಗಿತ್ತು, ಅವರು ಬೈಯಲಿಲ್ಲ. "ನಿಮ್ಮದೇನು ತಪ್ಪು ಬಿಡಿ ಸ್ವಾಮಿ, ನಮ್ಮ ಅದೃಷ್ಟ ಸರಿ ಇಲ್ಲ" ಎಂದರು. ನನ್ನ ತಪ್ಪನ್ನು ಅವರು ತಮ್ಮ ಅದೃಷ್ಟದ ಖಾತೆಗೆ ಬರೆದುಕೊಂಡರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇದಕ್ಕೆ ಔಷಧ ಹೊಸದೇನಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಹಳೆಯದೊಂದು ಕೃಷಿ ಪ್ರಯೋಗ ಕೇಂದ್ರವಿದೆ. 1843ರಲ್ಲಿ ತೊಡಗಿದ ಗೋಧಿಯ ಗೊಬ್ಬರ ಪ್ರಯೋಗ ಅಲ್ಲಿ ಇಂದಿಗೂ ನಡೆದಿದೆ, ಅದರಲ್ಲಿ ಗೊಬ್ಬರವನ್ನೇ ಹಾಕದ ಒಂದು ಪಟ್ಟಿಯನ್ನೂ ಉಳಿಸಿಕೊಂಡು ಬಂದಿದ್ದಾರೆ. ಹಾಕದಿದ್ದರೆ ಏನು ಬರುತ್ತಿತ್ತು ಎಂದು ತಿಳಿಯದೆ, ಹಾಕಿದ್ದರಿಂದ ಏನು ಬಂತೆಂದು ಹೇಳಲಾಗದಷ್ಟೆ. 1919ರಲ್ಲಿ ಆ ಕೇಂದ್ರಕ್ಕೆ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರು ಬಂದರು. ಯಾವ ತಾಕಿಗೆ ಯಾವ ಬೀಜ, ಯಾವ ಗೊಬ್ಬರ ಎಂಬುದನ್ನು ಪ್ರಯೋಗ ಮಾಡುವವನು ತಾನೇ ಆರಿಸಕೂಡದು, ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಬೇಕು ಎಂದು ಅವರು ಹೇಳಿದರು. ಎಷ್ಟೇ ಪ್ರಾಮಾಣಿಕನಾದರೂ ಕಣ್ಣು ತನ್ನ ಮೆಚ್ಚಿನದಕ್ಕೆ ಒಳ್ಳೆಯ ಜಾಗವನ್ನೇ ಹುಡುಕುತ್ತದೆ. ಚೀಟಿಗೆ ಮೆಚ್ಚಿನದೆಂಬುದಿಲ್ಲ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಹಿರಿಯರು ಮಗುವಿನ ಕೈಯಲ್ಲಿ ಚೀಟಿ ಎತ್ತಿಸುವುದು ಏತಕ್ಕೆಂದು ತಮಗೆ ನಾನು ಹೇಳಬೇಕಾಗಿಲ್ಲ.

1935ರ ಪುಸ್ತಕವೊಂದರಲ್ಲಿ ಫಿಶರ್ ಒಂದು ಸೊಗಸಾದ ಉದಾಹರಣೆ ಕೊಟ್ಟಿದ್ದಾರೆ. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಕುಡಿದರೆ ತಿಳಿಯುತ್ತದೆ ಎಂದು ಒಬ್ಬ ಹೆಂಗಸು ಹೇಳುತ್ತಾಳೆ. ಅವಳನ್ನು ಗೇಲಿ ಮಾಡುವುದು ಬೇಡ, ಒಪ್ಪಿಬಿಡುವುದೂ ಬೇಡ. ನಾಲ್ಕು ಹಾಗೆ, ನಾಲ್ಕು ಹೀಗೆ, ಒಟ್ಟು 8 ಬಟ್ಟಲು ಕಲಸಿ ಇಟ್ಟು ಕೇಳಬೇಕು. ಸುಮ್ಮನೆ ಊಹಿಸಿ ಎಂಟನ್ನೂ ಸರಿ ಹೇಳುವ ಸಂಭವ 70ರಲ್ಲಿ ಒಂದು. ಕಾಯಿ ಹಿಡಿಯುವವರಿಗೂ ಮುಚ್ಚಿದ 8 ಕೊಡಗಳನ್ನು ಹೀಗೆಯೇ ಇಡಬಹುದು, ನಾಲ್ಕರಲ್ಲಿ ನೀರು, ನಾಲ್ಕರಲ್ಲಿ ಮರಳು. (ಕೊಡದ ನೀರು ಬೇರೆ, ಭೂಮಿಯ ನೀರು ಬೇರೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರೊಡನೆ ವಾದಕ್ಕಿಳಿಯಬೇಡಿ.)

ತಮ್ಮ ಹೊಲದಲ್ಲಿ ತಾವೇ ಮಾಡಬಹುದಾದದ್ದು ಇಷ್ಟು. ಹೊಸ ಬೀಜವನ್ನೋ ಅಂಗಡಿಯವನು ಹೊಗಳುವ ಹೊಸ ಪುಡಿಯನ್ನೋ ಇಡೀ ಹೊಲಕ್ಕೆ ಹಾಕಬೇಡಿ. ಒಂದು ತುಂಡನ್ನು ಇಳಿಜಾರಿಗೆ ಅಡ್ಡಲಾಗಿ ಸಮನಾದ 10 ಪಟ್ಟಿ ಮಾಡಿ. ಪಟ್ಟಿಯ ಅಗಲ ಕೂರಿಗೆಯ ನಾಲ್ಕಾರು ಸಾಲು ಇದ್ದರೆ ಸಾಕು. ಅಕ್ಕಪಕ್ಕದ ಎರಡೆರಡು ಸೇರಿ ಒಂದು ಜೋಡಿ, ಹೀಗೆ ಐದು ಜೋಡಿ. ಜೋಡಿಯ ಎರಡೂ ಪಟ್ಟಿ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಮಣ್ಣು, ತೇವ ಬಹುಮಟ್ಟಿಗೆ ಒಂದೇ. ಪ್ರತಿ ಜೋಡಿಗೂ ಒಂದು ಚೀಟಿ ಎತ್ತಿ, ಹೊಸದು ಮೇಲಿನದಕ್ಕೋ ಕೆಳಗಿನದಕ್ಕೋ ಎಂದು ತೀರ್ಮಾನಿಸಿ. ಬಂದ ಚೀಟಿ ಮನಸ್ಸಿಗೆ ಒಪ್ಪಲಿಲ್ಲವೆಂದು ಮತ್ತೆ ಎತ್ತಕೂಡದು! ಬಿತ್ತನೆ ಒಂದೇ ದಿನ, ಕಳೆ ಕೀಳುವುದು ಒಂದೇ ಸಮ. ಕುಯ್ಲಿನಲ್ಲಿ ಅಂಚಿನ ಸಾಲುಗಳನ್ನು ಬಿಟ್ಟು, ಎಲ್ಲ ಪಟ್ಟಿಗಳಲ್ಲಿಯೂ ಒಂದೇ ಅಳತೆಯ ಜಾಗ ಕೊಯ್ದು, ಬೇರೆ ಬೇರೆ ಬಡಿದು, ಒಣಗಿಸಿ, ತೂಗಿ ಬರೆದಿಡಿ. ಕೊಳಗದಲ್ಲಿ ಅಳೆಯುವುದಕ್ಕಿಂತ ತಕ್ಕಡಿ ಮೇಲು.

ಐದಕ್ಕೆ ಐದು ಜೋಡಿಯಲ್ಲೂ ಹೊಸದು ಗೆದ್ದರೆ, ಬರೀ ಅದೃಷ್ಟದಿಂದ ಹಾಗಾಗುವ ಸಂಭವ 32ರಲ್ಲಿ ಒಂದು. ಮೇಲೆ ಕಂಡ ಅದೇ 32. ನಾಲ್ಕು ಅಥವಾ ಐದು ಗೆಲ್ಲುವುದು ಅದೃಷ್ಟದಿಂದಲೇ 32ರಲ್ಲಿ 6 ಸಲ ಆಗಬಲ್ಲುದು, ಆದ್ದರಿಂದ ನಾಲ್ಕು ಗೆದ್ದರೆ ಹಿಗ್ಗುವುದಕ್ಕಿಂತ ಮರುವರ್ಷ ಮತ್ತೊಮ್ಮೆ ನೋಡುವುದು ಲೇಸು. ಮೂರು, ಎರಡು ಎಂದಾದರೆ ಏನೂ ತಿಳಿಯಲಿಲ್ಲ ಎಂದೇ ಅರ್ಥ. ಗೆದ್ದದ್ದು ಎಷ್ಟು ತೂಕದಿಂದ, ಬೀಜದ ಹೆಚ್ಚಿನ ಬೆಲೆ ಅದರಲ್ಲಿ ಹುಟ್ಟಿತೇ ಎಂಬುದನ್ನೂ ನೋಡಬೇಕು.

ಇಲಾಖೆಯವರಾಗಲಿ, ವಿಶ್ವವಿದ್ಯಾನಿಲಯದವರಾಗಲಿ, ಕಂಪನಿಯವರಾಗಲಿ ಪ್ರಾತ್ಯಕ್ಷಿಕೆಗೆಂದು ತಮ್ಮ ಹೊಲಕ್ಕೆ ಬಂದಾಗ, ಜಾಗವನ್ನು ಅವರು ಆರಿಸಲು ಬಿಡಬೇಡಿ. ಮರ್ಯಾದೆಯಿಂದಲೇ ಚೀಟಿ ಮುಂದಿಡಿ. ಕ್ಷೇತ್ರೋತ್ಸವಕ್ಕೆ ಹೋದಾಗಲೂ, ಹಿಂದಿನ ವರ್ಷ ಈ ತಾಕಿನಲ್ಲಿ ಏನಿತ್ತು ಎಂದು ಆ ಅಜ್ಜಿಯಂತೆ ಕೇಳಿ. ನಮಗೆ ಮುಜುಗರವಾದರೆ ಆಗಲಿ.

ಕೆಲವು ವರ್ಷಗಳ ನಂತರ ಬೇರೊಂದು ಊರಿನಲ್ಲಿ ನಾನು ಹೀಗೆಯೇ ಐದು ಜೋಡಿ ಹಾಕಿಸಿದೆ. ಚೀಟಿ ಎತ್ತಿದ್ದು ಆ ಮನೆಯ ಮೊಮ್ಮಗಳು. ಬಿತ್ತುವ ದಿನ ಯಜಮಾನರು ತಮ್ಮ ಎಂದಿನ ಕೂರಿಗೆಯವನು ಬರುವವರೆಗೆ ಎತ್ತು ಹೂಡಲು ಬಿಡಲಿಲ್ಲ. ಎರಡೂ ತಳಿಗೆ ಅವನದೇ ಕೈ ಆಗಲಿ ಎಂದರು. ಪ್ರಯೋಗದ ದೃಷ್ಟಿಯಿಂದಲೂ ಅದೇ ಸರಿ, ಮೊದಲೇ ಹೇಳಲು ನನಗೆ ಹೊಳೆದಿರಲಿಲ್ಲ. ಸುಗ್ಗಿಯಲ್ಲಿ ತೂಗಿದಾಗ ಹೊಸದು ಗೆದ್ದದ್ದು ಮೂರು ಜೋಡಿಯಲ್ಲಿ, ಹಳೆಯದು ಎರಡರಲ್ಲಿ. ವರದಿಯಲ್ಲಿ 'ವ್ಯತ್ಯಾಸ ಕಾಣಲಿಲ್ಲ' ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು, ಆದರೂ ಬರೆದೆ. ಯಜಮಾನರು ಎರಡು ತಳಿಯ ಬೀಜವನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿ, ಬಾಯಿಗೆ ಗುರುತಿನ ದಾರ ಹಾಕಿ ಅಟ್ಟಕ್ಕೇರಿಸಿದರು. "ಬರುವ ವರ್ಷವೂ ಅರ್ಧ ಅರ್ಧ ಹಾಕೋಣ ಬಿಡಿ" ಎಂದರು.