ರಾತ್ರಿಯ ತಂಪು, ಎಲೆಯ ಕೆಂಪು

ಹೈದರಾಬಾದಿನ ದಿಲ್‌ಸುಖ್‌ನಗರದ ಗಲ್ಲಿಗಳಲ್ಲಿ ಅಂಗಳವಿರುವ ಮನೆ ಅಪರೂಪ, ಕೈತೋಟವೆಂದರೆ ತಾರಸಿಯೇ. ಅಲ್ಲಿ ತುಳಸಿ, ಕರಿಬೇವಿನ ಪಕ್ಕಕ್ಕೆ ಈಗ ಎಚೆವೆರಿಯಾ ಬಂದು ಕೂತಿದೆ. ಕಲ್ಲಲ್ಲಿ ಕೆತ್ತಿದ ತಾವರೆಯಂಥ ಗಿಡ. ನರ್ಸರಿಯಿಂದ ತಂದಾಗ ದಪ್ಪ ಎಲೆಗಳ ಅಂಚಿಗೆ ಗುಲಾಬಿ ಬಣ್ಣ, ಮೈಮೇಲೆ ಬಿಳಿ ಪುಡಿ. ಬೇಸಿಗೆ ಬರುತ್ತಲೇ ಬಣ್ಣ ಮಾಯ. ಬಿಸಿಲು ಸಾಲಲಿಲ್ಲವೇನೋ ಎಂದು ಕುಂಡವನ್ನು ಇನ್ನಷ್ಟು ಬಯಲಿಗೆ ಎಳೆಯುವವರೇ ಹೆಚ್ಚು. ಹೈದರಾಬಾದಿನಲ್ಲಿ ಬಿಸಿಲಿಗೆ ಬರವೆ? ಗಿಡಕ್ಕೆ ಬೇಕಿರುವುದು ತಂಪು ರಾತ್ರಿ.

ಇದರ ಗುಟ್ಟಿನ ಒಂದು ಎಳೆ ಸಿಕ್ಕಿದ್ದು ಬೆಂಗಳೂರಿಗೆ ಸಂಬಂಧಪಟ್ಟ ಒಬ್ಬ ಸಸ್ಯಶಾಸ್ತ್ರಜ್ಞನಿಗೆ. ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಲಾಲ್‌ಬಾಗನ್ನು ಬೆಂಜಮಿನ್ ಹೇಯ್ನ್‌ನ ಕೈಗೊಪ್ಪಿಸಿತು. ಈತನಿಗೆ ಎಲೆ ಅಗಿದು ನೋಡುವ ಚಪಲ. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕೊಂಚ ಕಹಿ! ಈ ಸಂಗತಿ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಅರ್ಥ ಬಿಡಿಸಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ನೀರು ಆವಿಯಾಗದಿರಲೆಂದು ಇಂಥ ಗಿಡಗಳು ಹಗಲು ಪತ್ರರಂಧ್ರಗಳನ್ನು ಮುಚ್ಚಿಕೊಂಡು, ಇರುಳಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬಿಸಿಲೇರಿದಾಗ ಆಹಾರ ತಯಾರಿಸುತ್ತವೆ. ಬೆಳಗಿನ ಹುಳಿ ಅದೇ.

ಎಚೆವೆರಿಯಾ ಕಾಡುಬಸಳೆಯದೇ ಕುಟುಂಬ. ಆದರೆ ಅದರ ತವರು ಬಹುಪಾಲು ಮೆಕ್ಸಿಕೊದ ಎತ್ತರದ ಬೆಟ್ಟಸಾಲು. ಅಲ್ಲಿ ಹಗಲು ಚುರುಗುಟ್ಟುವ ಬಿಸಿಲು, ಇರುಳು ಚಳಿ. ಎಲೆಯನ್ನು ಕೆಂಪಾಗಿಸುವ ಆಂಥೋಸಯನಿನ್ ತುಂಬಿಬರಲು ಈ ಜೋಡಿಯೇ ಬೇಕು. ನಮ್ಮ ಮೇ ತಿಂಗಳಲ್ಲಿ ನಡುರಾತ್ರಿಯೂ 27 ಡಿಗ್ರಿಯ ಆಸುಪಾಸು. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ಇರುಳಿಡೀ ಬಿಸಿ ಕಾರುತ್ತದೆ. ಗಿಡ ಉಸಿರಾಡುವ ಹೊತ್ತೇ ಸೆಕೆಯ ಹೊತ್ತು.

ಹಾಗಾಗಿ ಬೇಸಿಗೆಯಲ್ಲಿ ಬಣ್ಣದ ಆಸೆ ಬಿಟ್ಟು ಜೀವ ಉಳಿಸಿಕೊಂಡರೆ ಸಾಕು. ಕುಂಡವನ್ನು ನೆಲದಿಂದೆತ್ತಿ ಸ್ಟ್ಯಾಂಡಿನ ಮೇಲಿಡಿ; ಮೇಲೊಂದು ಶೇಡ್ ನೆಟ್, ಬೆಳಗಿನ ಬಿಸಿಲಷ್ಟೇ ಬೀಳುವ ಮೂಲೆ. ಮಣ್ಣಿಗೆ ಅರ್ಧಕ್ಕರ್ಧ ದಪ್ಪ ಮರಳು, ಇಟ್ಟಿಗೆ ಚೂರು. ಆ ಬಿಳಿ ಪುಡಿಯನ್ನು ಧೂಳೆಂದು ಒರೆಸುವ ಅಚ್ಚುಕಟ್ಟಿನ ಗೃಹಸ್ಥರಿದ್ದಾರೆ. ಅದು ಬಿಸಿಲು ತಡೆಯುವ ಮೇಣ. ಬಲಿತ ಎಲೆಯಲ್ಲಿ ಒರೆಸಿದ ಬೆರಳಿನ ಗುರುತು ಹಾಗೇ ಉಳಿಯುತ್ತದೆ. ಜೂನ್ ಮಳೆಗೆ ಕುಂಡ ಸೂರಿನಡಿ ಬರಲೇಬೇಕು. ಸೆಕೆಯೂ ತೇವವೂ ಸೇರಿದರೆ ಬುಡ ಕೊಳೆಯಲು ವಾರ ಸಾಕು.

ಡಿಸೆಂಬರಿನಲ್ಲಿ ರಾತ್ರಿಗಳು 14 ಡಿಗ್ರಿಗಿಳಿದಾಗ ನೆಟ್ ತೆಗೆದು ನೀರು ಕಡಿಮೆ ಮಾಡಿ. ಸಂಕ್ರಾಂತಿಗೆ ಮೊದಲೇ ಅಂಚು ಕೆಂಪೇರುತ್ತದೆ. ಅಷ್ಟು ಕಾಯುವ ವ್ಯವಧಾನವಿಲ್ಲದವರು ಗ್ರಾಪ್ಟೊಪೆಟಲಮ್ ಎಂಬ ಗಿಡ ತರಲಿ. ಅದೂ ಮೆಕ್ಸಿಕೊದ್ದೇ, ಆದರೆ ಹೆಚ್ಚು ಗಟ್ಟಿಮುಟ್ಟು. ಉದುರಿದ ಎಲೆಯೂ ಬೇರು ಬಿಡುತ್ತದೆ.