ಸತ್ತವರ ಊರಿಗೆ ಟಿಕೆಟ್, ಬದುಕಿದ್ದವರ ಊರಿಗೆ ಬುಲ್ಡೋಜರ್

ಈಜಿಪ್ಟಿಗೆ ಹೋಗಿ ಬಂದ ಮೇಲೆ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಪಿರಮಿಡ್ ಹೆಂಗಿತ್ತು?" ಚೆನ್ನಾಗಿತ್ತು ರೀ. ನಾಲ್ಕೂವರೆ ಸಾವಿರ ವರ್ಷದಿಂದ ಚೆನ್ನಾಗೇ ಇದೆ, ಅದಕ್ಕೆ ನನ್ನ ಸರ್ಟಿಫಿಕೇಟ್ ಬೇಕಾಗಿಲ್ಲ. ಆದರೆ ನನ್ನ ತಲೆಯಲ್ಲಿ ಕೂತಿರೋದು ಪಿರಮಿಡ್ ಅಲ್ಲ, ಲಕ್ಸರಿನ ಒಂದು ಬೋಳು ಗುಡ್ಡ.

ನೈಲ್ ನದಿಯ ಪಶ್ಚಿಮ ದಂಡೆಯಲ್ಲಿದೆ ಅದು. ಗುಡ್ಡದ ತುಂಬ ತೂತು ತೂತು. ಅವೆಲ್ಲ ಫೇರೋಗಳ ಕಾಲದ ಅಧಿಕಾರಿಗಳ, ಶ್ರೀಮಂತರ ಗೋರಿಗಳು. ನಮ್ಮ ಗೈಡ್ ಕೈ ತೋರಿಸಿ, "ಮೊದಲು ಇದರ ಮೇಲೆ ಗುರ್ನಾ ಅಂತ ಊರಿತ್ತು, ಈಗ ಕ್ಲೀನ್ ಮಾಡಿದ್ದಾರೆ" ಅಂದ. ಬಸ್ಸಿನಲ್ಲಿದ್ದ ಒಬ್ಬರು "ಒಳ್ಳೇದಾಯ್ತು ಬಿಡಿ, ಫೋಟೋ ನೀಟಾಗಿ ಬರುತ್ತೆ" ಅಂದರು. ಎಲ್ಲರೂ ಮೊಬೈಲ್ ಎತ್ತಿದರು.

ಕಸ ಕ್ಲೀನ್ ಮಾಡ್ತಾರೆ, ಪಾತ್ರೆ ಕ್ಲೀನ್ ಮಾಡ್ತಾರೆ. ಊರನ್ನ ಕ್ಲೀನ್ ಮಾಡೋದು ಅಂದ್ರೆ ಏನ್ರೀ?

ತಲೆಮಾರುಗಳಿಂದ ಗುರ್ನಾದ ಜನ ಆ ಗೋರಿಗಳ ಮೇಲೆ, ಪಕ್ಕದಲ್ಲಿ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಕೊಂಡಿದ್ದರು. ಗೋರಿಯೇ ಕೆಲವರಿಗೆ ಹಿಂದಿನ ಕೋಣೆ, ದನದ ಕೊಟ್ಟಿಗೆ. ಹಜ್ ಯಾತ್ರೆ ಮುಗಿಸಿ ಬಂದವರು ಗೋಡೆಯ ಮೇಲೆ ವಿಮಾನ, ಹಡಗು, ಕಾಬಾದ ಚಿತ್ರ ಬರೆಸುತ್ತಿದ್ದರು. 2006ರ ಡಿಸೆಂಬರಿನಲ್ಲಿ ಬುಲ್ಡೋಜರ್ ಬಂತು. ಕೆಲವೇ ವರ್ಷಗಳಲ್ಲಿ ಗುಡ್ಡ ಖಾಲಿ. ಜನರನ್ನು ದೂರದಲ್ಲಿ ಸಾಲಾಗಿ ಕಟ್ಟಿದ ಕಾಂಕ್ರೀಟ್ ಮನೆಗಳಿಗೆ ಸಾಗಿಸಿದರು.

ಈಗ ತಮಾಷೆ ಕೇಳಿ. ಅದೇ ಗುಡ್ಡಗಳ ಮಗ್ಗುಲಲ್ಲಿ ದೇರ್ ಎಲ್-ಮದೀನಾ ಅಂತ ಇನ್ನೊಂದು ಊರಿದೆ. ರಾಜರ ಗೋರಿ ಕೊರೆದ, ಚಿತ್ರ ಬರೆದ ಕೆಲಸಗಾರರ ಊರು. ಗೋಡೆಯೊಳಗೆ ಸುಮಾರು 70 ಮನೆಗಳ ಪಾಯ. ಅಲ್ಲಿ ಸಿಕ್ಕ ಕಲ್ಲುಚೂರುಗಳ ಮೇಲೆ ಅವರ ಹಾಜರಿ ಪಟ್ಟಿಯೂ ಇದೆ: ಒಬ್ಬನಿಗೆ ಚೇಳು ಕಚ್ಚಿತು, ಇನ್ನೊಬ್ಬ ಬಿಯರ್ ಮಾಡುತ್ತಿದ್ದ, ಅದಕ್ಕೇ ರಜೆ. ನಮ್ಮ ಟೀಮಿನ ಲೀವ್ ಮೇಲ್ ಓದಿದ ಹಾಗಾಯಿತು. ಮೂರನೇ ರಾಮ್ಸೆಸ್ ಕಾಲದಲ್ಲಿ ಸಂಬಳದ ಧಾನ್ಯ ಬರಲಿಲ್ಲ ಅಂತ ಇವರು ಕೆಲಸ ನಿಲ್ಲಿಸಿ ಹೋಗಿ ಕೂತರು. ಚರಿತ್ರೆಯಲ್ಲಿ ದಾಖಲಾದ ಮೊದಲ ಮುಷ್ಕರ ಅದೇ ಅಂತಾರೆ.

ಈ ಊರನ್ನು ನೋಡೋಕೆ ನಾನು ಟಿಕೆಟ್ ತಗೊಂಡೆ. ಯಾರದೋ ಒಲೆಯ ಕಟ್ಟೆ ನೋಡಿ "ಅಬ್ಬಾ" ಅಂದೆ. ಅದೇ ಮಣ್ಣಿನ ಇಟ್ಟಿಗೆ, ಅದೇ ಕೆಲಸಗಾರರ ಬಾಳು. ಆದರೆ ಆ ಊರಿನವರು ಸತ್ತು ಮೂರು ಸಾವಿರ ವರ್ಷವಾಗಿದೆ, ಹಾಗಾಗಿ ಅದು ಪರಂಪರೆ. ಗುರ್ನಾದ ಒಲೆಯಲ್ಲಿ ಇನ್ನೂ ಬೆಂಕಿ ಇತ್ತು, ಹಾಗಾಗಿ ಅದು ಒತ್ತುವರಿ.

"ಅಲ್ಲಪ್ಪಾ, ಅವರ ಬಚ್ಚಲು ನೀರಿನಿಂದ ಗೋರಿಯ ಚಿತ್ರ ಹಾಳಾಗ್ತಿತ್ತಲ್ಲ?" ಅಂತೀರಿ. ನ್ಯಾಯವಾದ ಮಾತು. ಚಿತ್ರ ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಗುಡ್ಡದ ಮೇಲೆ ನಲ್ಲಿ ಇಲ್ಲದೆ ಕತ್ತೆ ಮೇಲೆ ನೀರು ಹೊತ್ತು ಸಾಕಾಗಿ, ಖುಷಿಯಿಂದಲೇ ಇಳಿದು ಹೋದವರೂ ಇದ್ದರು. ನಾನೂ ಕೊಡ ಹೊತ್ತ ಊರಿನಿಂದ ಬಂದವನೇ, ನಲ್ಲಿಯ ಬೆಲೆ ನನಗೆ ಗೊತ್ತು. ಆದರೆ ಹೋಗೋರು ಹೋಗಲಿ ಅನ್ನೋದು ಬೇರೆ, ಊರಿನ ಗುರುತೇ ಉಳಿಯದ ಹಾಗೆ ನೆಲಸಮ ಮಾಡೋದು ಬೇರೆ. ವಾಸ್ತುಶಿಲ್ಪಿ ಹಸನ್ ಫಾತಿ 1940ರ ದಶಕದಲ್ಲೇ ಇವರಿಗಾಗಿ ಮಣ್ಣಿನಲ್ಲಿ ಸೊಗಸಾದ ಹೊಸ ಗುರ್ನಾ ಕಟ್ಟಿದರು. ಆಗಲೂ ಬಹಳ ಜನ ಇಳಿಯಲಿಲ್ಲ. ಗುಡ್ಡದ ಬುಡದಲ್ಲಿ ಅವರ ಅನ್ನ ಇತ್ತು: ಅಗೆತದ ಕೂಲಿ, ಪ್ರವಾಸಿಗರಿಗೆ ಚಹಾ, ಕಲ್ಲಿನ ಗೊಂಬೆ ವ್ಯಾಪಾರ.

ಇನ್ನು "ಅವರೆಲ್ಲ ಗೋರಿಗಳ್ಳರು" ಅನ್ನೋ ಮಾತು. ಕದ್ದವರಿದ್ದರು, ಸುಳ್ಳಲ್ಲ. ಗುರ್ನಾದ ಅಬ್ದ್ ಎಲ್-ರಸೂಲ್ ಮನೆತನದವರು ರಾಜರ ಮಮ್ಮಿಗಳಿದ್ದ ಗುಹೆ ಪತ್ತೆ ಹಚ್ಚಿ, ಅಲ್ಲಿನ ವಸ್ತುಗಳನ್ನ ವರ್ಷಗಟ್ಟಲೆ ಗುಟ್ಟಾಗಿ ಮಾರಿದರು. 1881ರಲ್ಲಿ ಅದು ಬಯಲಾಯಿತು. ಸರಿ. ಆದರೆ 1821ರಲ್ಲಿ ದೆಂದೆರಾ ದೇವಾಲಯದ ಚಾವಣಿಯಲ್ಲಿದ್ದ ರಾಶಿಚಕ್ರದ ಕಲ್ಲನ್ನು ಗರಗಸ, ಸಿಡಿಮದ್ದು ಹಾಕಿ ಕಿತ್ತು ಪ್ಯಾರಿಸ್ಸಿಗೆ ಸಾಗಿಸಿದರಲ್ಲ, ಅದು ಇವತ್ತು ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಹಳ್ಳಿಯವನು ಮಾರಿದರೆ ಕಳ್ಳತನ, ದೊರೆ ಕೊಂಡರೆ ಸಂಗ್ರಹ. ನೋಡಿ, ಲೂವ್ರ್ ಮೇಲೆ ಯಾರೂ ಬುಲ್ಡೋಜರ್ ಹತ್ತಿಸಿಲ್ಲ.

ಜನ ಮತ್ತು ಕಲ್ಲು ಒಟ್ಟಿಗೆ ಇರೋಕೆ ಆಗಲ್ಲವೇ? ನದಿಯ ಈಚೆ ದಂಡೆಗೆ ಬನ್ನಿ. ಲಕ್ಸರ್ ದೇವಾಲಯದ ಒಳಗೇ ಅಬು ಹಗ್ಗಾಗ್ ಮಸೀದಿ ಇದೆ. ಶತಮಾನಗಳ ಕಾಲ ದೇವಾಲಯ ಮಣ್ಣಿನಲ್ಲಿ ಹೂತಿತ್ತು, ಆ ಮಣ್ಣಿನ ಮೇಲೆ ಊರು, ಮಸೀದಿ ಎದ್ದವು. 1880ರ ದಶಕದಲ್ಲಿ ಮಣ್ಣು ತೆಗೆಯಲು ಶುರು ಮಾಡಿದಾಗ ಮನೆಗಳು ಹೋದವು, ಮಸೀದಿ ಉಳಿಯಿತು. ಅದರ ಹಳೇ ಬಾಗಿಲು ಇವತ್ತು ಅಂಗಳದಿಂದ ಎಷ್ಟೋ ಎತ್ತರದಲ್ಲಿ ಗಾಳಿಯಲ್ಲಿ ತೂಗುತ್ತಿದೆ. ಆ ಸಂತನ ಉರುಸಿನಲ್ಲಿ ದೋಣಿಗಳ ಮೆರವಣಿಗೆ ಮಾಡ್ತಾರೆ. ಅದೇ ದೇವಾಲಯಕ್ಕೆ ಫೇರೋಗಳ ಕಾಲದಲ್ಲಿ ಕಾರ್ನಾಕ್‌ನಿಂದ ಅಮುನ್ ದೇವರನ್ನು ದೋಣಿಯಲ್ಲಿಟ್ಟು ತರುತ್ತಿದ್ದರು. ನನಗೆ ಇಡೀ ಪ್ರವಾಸದಲ್ಲಿ ಚರಿತ್ರೆ ಕಂಡಿದ್ದು ಆ ಬಾಗಿಲಲ್ಲಿ.

ಆದರೆ ಬುದ್ಧಿ ಬಂದಿಲ್ಲ. ಲಕ್ಸರಿನಿಂದ ಕಾರ್ನಾಕ್‌ವರೆಗಿನ 2.7 ಕಿಲೋಮೀಟರ್ ಸ್ಫಿಂಕ್ಸ್ ರಸ್ತೆ ಬಿಡಿಸೋಕೆ ಮತ್ತೆ ಮನೆಗಳು ಬಿದ್ದವು. 2021ರ ನವೆಂಬರಿನಲ್ಲಿ ಅದರ ಉದ್ಘಾಟನೆ ಟಿವಿಯಲ್ಲಿ ಜಗಜಗ ಹೊಳೆಯಿತು.

ಇದೆಲ್ಲ ನನಗ್ಯಾಕೆ ಚುಚ್ಚಿತು ಅಂದ್ರೆ, ನಾನು ತುಂಗಭದ್ರೆಯ ಆಚೆ ದಂಡೆಯವನು. ಹುಡುಗನಾಗಿದ್ದಾಗ ಅವ್ವನ ಕೈ ಹಿಡಿದು ಹಂಪಿಗೆ ಹೋದರೆ, ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಮಿರ್ಚಿ ಬಾಣಲೆ. 2011ರಲ್ಲಿ ಅವರನ್ನೂ ಎಬ್ಬಿಸಿದರು. ಈಗ ಮಂಟಪಗಳು ನೀಟಾಗಿವೆ, ಫೋಟೋ ಚೆನ್ನಾಗಿ ಬರುತ್ತೆ. ಐನೂರು ವರ್ಷದ ಹಿಂದೆ ಇಲ್ಲಿ ಎಂಥಾ ಬಜಾರಿತ್ತು ಅಂತ ಗೈಡ್ ವರ್ಣಿಸ್ತಾನೆ. ಹದಿನೈದು ವರ್ಷದ ಹಿಂದೆ ಇದ್ದ ಬಜಾರಿನ ಬಗ್ಗೆ ಒಂದು ಮಾತಿಲ್ಲ.

ಸರಕಾರಗಳು ಯಾಕೆ ಹೀಗೆ ಮಾಡ್ತವೆ? ನಮಗೆ ಖಾಲಿ ಫೋಟೋ ಬೇಕು ಅಂತ. ಚೌಕಟ್ಟಿನೊಳಗೆ ಲುಂಗಿ, ಬಟ್ಟೆ ಒಣಹಾಕಿದ ಹಗ್ಗ, ಮೇಕೆ ಬಂದರೆ ನಮಗೆ ಕಿರಿಕಿರಿ ಅಂತ. ಬುಲ್ಡೋಜರಿನ ಡೀಸೆಲ್‌ನಲ್ಲಿ ನನ್ನ ಟಿಕೆಟ್ಟಿನ ದುಡ್ಡೂ ಇದೆ ರೀ. ಹಾಗಂತ ಊರು ನೋಡೋದು ಬಿಡಿ ಅನ್ನಲ್ಲ. ಹೋದ ಕಡೆ ಗೈಡಿಗೆ ಒಂದು ಪ್ರಶ್ನೆ ಜಾಸ್ತಿ ಕೇಳಿ: ಇಲ್ಲಿ ಇದ್ದವರು ಈಗ ಎಲ್ಲಿದ್ದಾರೆ? ನೂರು ಜನ ಕೇಳಿದರೆ ಗೈಡ್ ಉತ್ತರ ಹುಡುಕ್ತಾನೆ, ಸಾವಿರ ಜನ ಕೇಳಿದರೆ ಇಲಾಖೆ ಹುಡುಕುತ್ತೆ.

ಗುರ್ನಾದಲ್ಲಿ ಇಳಿಯುವಾಗ ಗುಡ್ಡದ ಅಂಚಿನಲ್ಲಿ ಅರ್ಧ ಗೋಡೆ ಉಳಿದಿತ್ತು. ಮೇಲೆ ಮಾಸಿದ ನೀಲಿ ವಿಮಾನ. ಯಾರೋ ಮೆಕ್ಕಾಗೆ ಹೋಗಿ ಬಂದ ಖುಷಿ ಅದು. ಹೋದವರು ವಾಪಸ್ ಬಂದರು, ಬರೋಕೆ ಒಂದು ಮನೆ ಇತ್ತು.