ಟ್ರ್ಯಾಂಪೊಲಿನ್ ಖರ್ಚು ಯಾರ ಲೆಕ್ಕಕ್ಕೆ?

ಜಾಲಹಳ್ಳಿಯಿಂದ ವೈಟ್‌ಫೀಲ್ಡಿಗೆ ದಿನಾ ಮೆಟ್ರೋದಲ್ಲಿ ಹೋಗೋದರ ಒಂದೇ ಲಾಭ, ಓದೋಕೆ ಸಮಯ ಸಿಗತ್ತೆ. (ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸುವಾಗ ಪುಸ್ತಕ ಅಪ್ಪಚ್ಚಿಯಾಗದ ಹಾಗೆ ನೋಡ್ಕೋಬೇಕು ಅಷ್ಟೆ.) ಹಾಗೆ ಮೊನ್ನೆ ಮುಗಿಸಿದ್ದು ಎಲಿಜಬೆತ್ ಮೂನ್ ಬರೆದ 'ದ ಸ್ಪೀಡ್ ಆಫ್ ಡಾರ್ಕ್'. 2003ರ ನೆಬ್ಯುಲಾ ಪ್ರಶಸ್ತಿ ಪಡೆದ ಸೈನ್ಸ್ ಫಿಕ್ಷನ್ ಕಾದಂಬರಿ. ಲೇಖಕಿಯ ಮಗನಿಗೂ ಆಟಿಸಂ ಇದೆ.

ಕಥಾನಾಯಕ ಲೂ ಆಟಿಸಂ ಇರುವವನು. ಔಷಧ ಕಂಪನಿಯೊಂದರಲ್ಲಿ, ಬೇರೆಯವರ ಕಣ್ಣಿಗೆ ಬೀಳದ ಪ್ಯಾಟರ್ನುಗಳನ್ನು ಹುಡುಕೋದು ಅವನ ಕೆಲಸ. ಅವನಂಥವರೇ ಇರುವ ಆ ವಿಭಾಗಕ್ಕೆ ಟ್ರ್ಯಾಂಪೊಲಿನ್ ಇರೋ ಜಿಮ್ ಇದೆ. ಹೊಸ ಬಾಸಿಗೆ ಅದೇ ಕಣ್ಣುರಿ. ಪ್ರಯೋಗದ ಹಂತದಲ್ಲಿರೋ ಮಿದುಳಿನ ಚಿಕಿತ್ಸೆ ಮಾಡಿಸ್ಕೊಂಡು 'ಸರಿ' ಹೋಗಿ, ಇಲ್ಲಾಂದ್ರೆ ಕೆಲಸ ಉಳಿಯಲ್ಲ ಅನ್ನೋ ಒತ್ತಡ.

ನಮ್ಮ ಆಫೀಸಲ್ಲಿ ಟೇಬಲ್ ಟೆನಿಸ್ ಇಟ್ರೆ ಅದು 'ಕಲ್ಚರ್'. ಲೂಗೆ ಟ್ರ್ಯಾಂಪೊಲಿನ್ ಇಟ್ರೆ ದಂಡದ ಖರ್ಚು!

2013ರಲ್ಲಿ ಸ್ಯಾಪ್ ಕಂಪನಿ ಆಟಿಸಂ ಇರುವವರನ್ನು ಜಗತ್ತಿನಾದ್ಯಂತ ಕೆಲಸಕ್ಕೆ ತಗೋತೀವಿ ಅಂತ ಪ್ರಕಟಿಸಿತು. ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನ ಸ್ಯಾಪ್ ಲ್ಯಾಬ್ಸ್‌ನಲ್ಲಿ ಆರು ಜನರನ್ನು ಸಾಫ್ಟ್‌ವೇರ್ ಟೆಸ್ಟರ್‌ಗಳಾಗಿ ತಗೊಂಡು ನೋಡಿದ್ದರು. ಒಳ್ಳೆಯದೇ. ಆದ್ರೆ ಬಗ್ ಹುಡುಕೋಕೆ ಬರದ ಹುಡುಗನ ಕಥೆ ಏನು?

ನನ್ನ ಅಕ್ಕನ ಮಗ ಅಂಥವನು. ಎಂಟು ವರ್ಷ, ನಾಲ್ಕೈದು ಮಾತು. ಒಂದು ಕ್ಲಿನಿಕ್ಕಿನವರು ಸ್ಟೆಮ್ ಸೆಲ್ ಕೊಟ್ರೆ ಸರಿಹೋಗ್ತಾನೆ ಅಂದ್ರಂತೆ, ಲಕ್ಷಗಟ್ಟಲೆ ಖರ್ಚು. ಆಟಿಸಂಗೆ ಅದನ್ನು ಕೊಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ ಅಂತ ತೋರಿಸಿದೆ. ಜತೆಗೆ ಸ್ವಲ್ಪ ಭಾಷಣವನ್ನೂ ಬಿಗಿದೆ, "ಅವನು ಇರೋ ಹಾಗೇ ಇರಲಿ ಬಿಡೆ" ಅಂತ.

"ಅವನು ಬೇರೆ ಹುಡುಗ ಆಗೋದು ನಂಗೂ ಬೇಡ ಕಣೋ. ನೋವು ಬಂದ್ರೆ ಎಲ್ಲಿ ಅಂತ ಹೇಳೋ ಹಾಗಾದ್ರೆ ಸಾಕು. ರಾತ್ರಿಯೆಲ್ಲಾ ಅಳ್ತಾನೆ, ಹೊಟ್ಟೆನೋ ಕಿವಿನೋ ಗೊತ್ತಾಗಲ್ಲ" ಅಂದ್ಳು. ನಾನು ಸುಮ್ಮನಾದೆ.

(ಕಾದಂಬರಿ ಓದಬೇಕು ಅಂತಿರೋರು ಮುಂದಿನ ಪ್ಯಾರಾ ಬಿಟ್ಟುಬಿಡಿ.)

ಕೊನೆಗೆ ಬಾಸಿನ ಬೆದರಿಕೆ ಹೋಗತ್ತೆ. ಆದರೂ ಲೂ ತಾನಾಗೇ ಚಿಕಿತ್ಸೆಗೆ ಒಪ್ಪುತ್ತಾನೆ. ಮೊದಲು ಓದಿದಾಗ ಸಿಟ್ಟು ಬಂದಿತ್ತು, ಇವನೂ ಸೋತ ಅಂತ. ಈಗ ಆ ಸಿಟ್ಟಿಲ್ಲ. ಪ್ರೀತಿಸುತ್ತಿದ್ದ ಹುಡುಗಿ ಮೇಲಿನ ಪ್ರೀತಿಯೇ ಹೋಗುವಷ್ಟು ದೊಡ್ಡ ಬೆಲೆ ಅದು. ಆದ್ರೆ ಆ ಬೆಲೆ ಕೊಡಬೇಕೋ ಬೇಡವೋ ಅಂತ ನಿರ್ಧರಿಸಿದ್ದು ಲೂ, ಬಾಸ್ ಅಲ್ಲ.

ಅಕ್ಕ ಸ್ಟೆಮ್ ಸೆಲ್ ಕೈಬಿಟ್ಟಿದ್ದಾಳೆ. ಈಗ ಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಚಿತ್ರದ ಕಾರ್ಡುಗಳನ್ನು ಮಾಡ್ತಿದ್ದಾಳೆ. ಕಿವಿ, ಹಲ್ಲು ಎಲ್ಲಾ ಅವಳೇ ಬರೆದದ್ದು, ಹೊಟ್ಟೆ ಮಾತ್ರ ನಂದು. ಅದನ್ನ ತೋರಿಸಿ ಅವನು ಇಡ್ಲಿ ಕೇಳ್ತಾನೆ.